ಟರ್ಮಿನಲ್‌ನಲ್ಲಿ ಹೊಸ ಆರ್‌ಟಿಎಲ್_433, ಕ್ರಾನ್‌ನಲ್ಲಿ ಹಳೇದೇ ಓಡ್ತಿದೆ: ಯಾವುದನ್ನ ಎಲ್ಲಿಡಬೇಕು?

ಪೊನ್ನಂಪೇಟೆ_ತೋಟ:
ನಮಸ್ಕಾರ. ನಮ್ಮ ಕಾಫಿ ತೋಟದ ವೈರ್‌ಲೆಸ್ ಮಳೆ ಮಾಪಕದ ಸಿಗ್ನಲ್ಲನ್ನ ಮನೆಯ ರಾಸ್ಪ್‌ಬೆರಿ ಪೈ (ಡೆಬಿಯನ್ 12) ಹಿಡಿಯುತ್ತೆ. ಡೆಬಿಯನ್‌ನ ಪ್ಯಾಕೇಜ್ ವ್ಯವಸ್ಥೆ ಆಪ್ಟ್‌ನಲ್ಲಿ ಬಂದ ಆರ್‌ಟಿಎಲ್_433 (ಇಂಥ ರೇಡಿಯೊ ಸಿಗ್ನಲ್ ಓದೋ ಪ್ರೋಗ್ರಾಂ) 22.11 ಈ ಹೊಸ ಮಾಪಕವನ್ನ ಗುರುತಿಸಲಿಲ್ಲ. ಅದಕ್ಕೇ 25.02ರ ಸೋರ್ಸ್ ತಂದು ಸಿಮೇಕ್ ಅನ್ನೋ ಬಿಲ್ಡ್ ಸಾಧನದಲ್ಲಿ ಕಂಪೈಲ್ ಮಾಡಿ ಹಾಕಿದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓದುತ್ತೆ, ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ತಾನಾಗೇ ಕೆಲಸ ಓಡಿಸೋ ಸೇವೆ) ಓಡಿಸಿದ್ರೆ ಲಾಗ್ ಖಾಲಿ. ಕಾಫಿ ಹೂವರಳಿಸೋ ಹೂಮಳೆ ಸಮಯ. ರಾತ್ರಿ ಎಷ್ಟು ಇಂಚು ಬಿತ್ತು ಅಂತ ತಿಳಿಯದೆ ಸ್ಪ್ರಿಂಕ್ಲರ್ ಹಾಕೋದಾ ಬೇಡವಾ ಗೊತ್ತಾಗ್ತಿಲ್ಲ. /ಯುಎಸ್‌ಆರ್/ಬಿನ್‌ನಲ್ಲಿರೋ ಹಳೇದರ ಮೇಲೇ ಹೊಸದನ್ನ ಕಾಪಿ ಮಾಡಿಬಿಡಲಾ?

ಕುಶಾಲನಗರ_ಲಿನಕ್ಸ್:
ದಯವಿಟ್ಟು ಹಾಗೆ ಮಾಡಬೇಡಿ. /ಯುಎಸ್‌ಆರ್/ಬಿನ್ ಆಪ್ಟ್‌ನ ಸುಪರ್ದಿನಲ್ಲಿರೋ ಜಾಗ. ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ಫೈಲನ್ನ ಅದು ಹೇಳದೇ ಕೇಳದೇ ಅಳಿಸಿ ತನ್ನದನ್ನ ಹಾಕುತ್ತೆ. ಮೊದಲು 'ಟೈಪ್ -ಎ ಆರ್‌ಟಿಎಲ್_433' ಕೊಟ್ಟು ಏನು ಬರುತ್ತೆ ಹೇಳಿ. 'ವಿಚ್' ಸಾಲದು, ಅದು ಮೊದಲು ಸಿಕ್ಕಿದ್ದನ್ನಷ್ಟೇ ತೋರಿಸುತ್ತೆ.

ಪೊನ್ನಂಪೇಟೆ_ತೋಟ:
ಎರಡು ಸಾಲು ಬಂತು:
/ಯುಎಸ್‌ಆರ್/ಲೋಕಲ್/ಬಿನ್/ಆರ್‌ಟಿಎಲ್_433
/ಯುಎಸ್‌ಆರ್/ಬಿನ್/ಆರ್‌ಟಿಎಲ್_433

ಕುಶಾಲನಗರ_ಲಿನಕ್ಸ್:
ಅಲ್ಲೇ ಇದೆ ನೋಡಿ. ನಿಮ್ಮ ಶೆಲ್‌ನ ಪಾತ್‌ನಲ್ಲಿ (ಪ್ರೋಗ್ರಾಂಗಳನ್ನ ಹುಡುಕೋ ಡೈರೆಕ್ಟರಿಗಳ ಪಟ್ಟಿ) ಲೋಕಲ್ ಮೊದಲು ಬರುತ್ತೆ. ಬಳಕೆದಾರರ ಕ್ರಾನ್‌ಟ್ಯಾಬ್‌ಗೆ (ಕ್ರಾನ್ ಕೆಲಸಗಳ ಪಟ್ಟಿ) ಮಾತ್ರ ಡೆಬಿಯನ್ ಕೊಡೋದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಅಷ್ಟೇ. ಹಾಗಾಗಿ ಅದಕ್ಕೆ ಸಿಗೋದು 22.11. ಕ್ರಾನ್ ಸಾಲಿನಲ್ಲಿ ಪೂರ್ತಿ ವಿಳಾಸ ಬರೆದ್ರೆ ಇವತ್ತೇ ಸರಿಹೋಗುತ್ತೆ. ಪಾತ್ ಸಾಲನ್ನೇ ಸೇರಿಸ್ತೀರಾದ್ರೆ ಎಲ್ಲಾ ಡೈರೆಕ್ಟರಿಗಳನ್ನೂ ಬಿಡಿಸಿ ಬರೀರಿ, ಯಾಕಂದ್ರೆ $ಪಾತ್ ಅಂತ ಹಾಕಿದ್ದನ್ನ ಕ್ರಾನ್ ವಿಸ್ತರಿಸಲ್ಲ.

ಆದರೆ ನಾಳೆ ಇನ್ನೊಂದು ಆವೃತ್ತಿ ಬಂದಾಗ ಮತ್ತೆ ಇದೇ ಗೋಜಲು. ನನ್ನ ಕೇಳಿದ್ರೆ ಗ್ನೂ ಸ್ಟೋ (ನಾವೇ ಹಾಕಿದ ಪ್ರೋಗ್ರಾಂಗಳನ್ನ ಲಿಂಕ್ ಮೂಲಕ ನಿಭಾಯಿಸೋ ಸಾಧನ) ಹಾಕಿಕೊಳ್ಳಿ. ಸಿಮೇಕ್ ಕಾನ್ಫಿಗರ್ ಈಗಿರೋ ಹಾಗೇ ಇರಲಿ, ಇನ್‌ಸ್ಟಾಲ್ ಮಾಡುವಾಗ ಮಾತ್ರ '--ಪ್ರಿಫಿಕ್ಸ್ /ಯುಎಸ್‌ಆರ್/ಲೋಕಲ್/ಸ್ಟೋ/ಆರ್‌ಟಿಎಲ್_433-25.02' ಕೊಡಿ. ಆಮೇಲೆ ಆ ಸ್ಟೋ ಡೈರೆಕ್ಟರಿಯೊಳಗೆ ನಿಂತು 'ಸುಡೋ ಸ್ಟೋ ಆರ್‌ಟಿಎಲ್_433-25.02'. ಫೈಲ್‌ಗಳೆಲ್ಲ ಒಂದೇ ಕಡೆ ಇರುತ್ತವೆ, ಲೋಕಲ್/ಬಿನ್‌ನಲ್ಲಿ ಬರೀ ಸಿಂಬಾಲಿಕ್ ಲಿಂಕ್ (ಅಸಲಿ ಫೈಲ್‌ನತ್ತ ಕೈತೋರಿಸೋ ಕೊಂಡಿ). ಬೇಡ ಅಂದ್ರೆ 'ಸ್ಟೋ -ಡಿ' (ದೊಡ್ಡಕ್ಷರದ D) ಕೊಟ್ರೆ ಲಿಂಕ್ ಮಾತ್ರ ಹೋಗುತ್ತೆ.

ಪೊನ್ನಂಪೇಟೆ_ತೋಟ:
ಕ್ರಾನ್ ಸರಿಯಾಯ್ತು ಸಾರ್, ಲಾಗ್ ತುಂಬ್ತಾ ಇದೆ, ತುಂಬಾ ಉಪಕಾರ ಆಯ್ತು. ಆದ್ರೆ ಸ್ಟೋ ಮಾತ್ರ 'ಈಗಾಗಲೇ ಫೈಲ್ ಇದೆ' ಅಂತ ನಿಂತುಬಿಡ್ತು.

ಕುಶಾಲನಗರ_ಲಿನಕ್ಸ್:
ತನ್ನದಲ್ಲದ ಫೈಲನ್ನ ಅದು ಮುಟ್ಟಲ್ಲ, ನಾನು ಅದನ್ನ ನಂಬೋದೂ ಇದಕ್ಕೇ. ಮೊದಲ ಸಲ ನೇರವಾಗಿ ಹಾಕಿದ ಫೈಲ್‌ಗಳನ್ನ ತೆಗೀಬೇಕು. ಬಿಲ್ಡ್ ಡೈರೆಕ್ಟರಿಯಲ್ಲಿ 'ಇನ್‌ಸ್ಟಾಲ್_ಮ್ಯಾನಿಫೆಸ್ಟ್.ಟಿಎಕ್ಸ್‌ಟಿ' ಇರುತ್ತೆ, ಆದ್ರೆ ಎರಡನೇ ಸಲದ ಇನ್‌ಸ್ಟಾಲ್ ಅದನ್ನ ತಿದ್ದಿ ಬರೆದಿರುತ್ತೆ. ತೆರೆದು ಓದಿ. ವಿಳಾಸದ ನಡುವಿನ 'ಸ್ಟೋ/ಆರ್‌ಟಿಎಲ್_433-25.02' ಭಾಗ ಬಿಟ್ಟು ಓದಿಕೊಂಡ್ರೆ ಹಳೇ ಫೈಲ್‌ಗಳ ಪಟ್ಟಿ ಅದೇ. ಒಂದೊಂದಾಗಿ ನೋಡಿಯೇ ಅಳಿಸಿ.

ಮಡಿಕೇರಿ_ಪೈ:
ನಡುವೆ ಬಂದೆ, ಕ್ಷಮಿಸಿ. /ಆಪ್ಟ್‌ನಲ್ಲಿ (ಓಪಿಟಿ) ಇಟ್ಟರೆ ಆಗಲ್ವಾ?

ಕುಶಾಲನಗರ_ಲಿನಕ್ಸ್:
ಆಗುತ್ತೆ. ತನ್ನ ಬಿನ್, ಲಿಬ್ ಎಲ್ಲವನ್ನೂ ಒಂದೇ ಗಂಟಲ್ಲಿ ಕಟ್ಟಿಕೊಂಡು ಬರೋ ತಯಾರಿ ಪ್ಯಾಕೇಜ್‌ಗಳಿಗೆ ಅದು ಸರಿಯಾದ ಜಾಗ. ನಾವೇ ಕಂಪೈಲ್ ಮಾಡಿದ್ದಕ್ಕೆ ಲೋಕಲ್ಲೇ ವಾಸಿ. ಅಲ್ಲಿರೋ ಬಿನ್ ಶೆಲ್‌ನ ಪಾತ್‌ನಲ್ಲಿ ಮೊದಲಿಂದಲೂ ಇರುತ್ತೆ.