ರಾಷ್ಟ್ರನಾಯಕರ ಮನೆಯೊಳಗಿನ ಬದುಕು: ಮಕ್ಕಳ ಪುಸ್ತಕದಲ್ಲಿ ಎಷ್ಟಿರಬೇಕು?

ಪ್ರಶ್ನೆ ಕೇಳಿದವರು: ಅರಿವು ಕೇಂದ್ರದ ಅಕ್ಕ

ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ನಾನು ಮೇಲ್ವಿಚಾರಕಿ. ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳು ಬರುತ್ತಾರೆ. ಕಥೆಯ ಪುಸ್ತಕಗಳು ಹೊಸದಾಗಿಯೇ ಉಳಿದಿವೆ. ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ, ಜಯಂತಿಗಳ ದೆಸೆಯಿಂದ ನಾಯಕರ ಪುಟ್ಟ ಜೀವನಚರಿತ್ರೆಗಳು ಮಾತ್ರ ಹೊಲಿಗೆ ಬಿಚ್ಚುವಷ್ಟು ಓದಿಸಿಕೊಂಡಿವೆ.

ಹೋದ ವಾರ ಸರ್ದಾರ್ ಪಟೇಲರ ಪುಸ್ತಕವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ಇಸವಿ 1909. ವಲ್ಲಭಭಾಯಿ ನ್ಯಾಯಾಲಯದಲ್ಲಿ ಪಾಟೀಸವಾಲು ನಡೆಸುತ್ತಿದ್ದಾರೆ, ಹೆಂಡತಿ ತೀರಿಕೊಂಡರೆಂದು ತಂತಿ ಬರುತ್ತದೆ, ಓದಿ ಮಡಿಸಿ ಜೇಬಿಗಿಟ್ಟುಕೊಂಡು ಸಾಕ್ಷಿಯನ್ನು ಮುಂದಿನ ಪ್ರಶ್ನೆ ಕೇಳುತ್ತಾರೆ. ‘ಎಂಥ ಕರ್ತವ್ಯನಿಷ್ಠೆ!’ ಎಂದು ಪುಸ್ತಕ ಆ ಅಧ್ಯಾಯ ಮುಗಿಸಿತು. ಐದನೆಯ ತರಗತಿಯ ಒಬ್ಬಳು, ‘ಅವರಿಗೆ ಮಕ್ಕಳಿರಲಿಲ್ಲವಾ ಅಕ್ಕ?’ ಎಂದಳು. ಇಬ್ಬರಿದ್ದರು ಎಂದೆ. ‘ಹಾಗಾದರೆ ಆ ಮಕ್ಕಳಿಗೆ ಯಾರು ಹೇಳಿದರು?’

ಅಂದು ಸಂಜೆ ಕೂತು ಆ ಕಪಾಟಿನ ಪುಸ್ತಕಗಳನ್ನೆಲ್ಲ ಇದೇ ಕಣ್ಣಿನಿಂದ ತಿರುವಿ ಹಾಕಿದೆ. ಅಂಬೇಡ್ಕರರ ಹೆಂಡತಿ ರಮಾಬಾಯಿಗೆ ಮದುವೆಯ ದಿನ ಒಂದು ಸಾಲು, ಸತ್ತ ದಿನ ಇನ್ನೊಂದು ಸಾಲು. ಗಾಂಧೀಜಿಯವರ ಹಿರಿಯ ಮಗ ಹರಿಲಾಲ ಹುಟ್ಟಿ, ಆಮೇಲೆ ಎಲ್ಲಿಗೋ ಹೊರಟುಹೋಗುತ್ತಾನೆ. ಸುಭಾಷರಿಗಂತೂ ಮನೆಯೇ ಇಲ್ಲ. ತಾಯಂದಿರು ಮಾತ್ರ ಎಲ್ಲರಿಗೂ ಇದ್ದಾರೆ, ಎಲ್ಲರೂ ದೀಪ ಹಚ್ಚಿ ಕಥೆ ಹೇಳುತ್ತಾರೆ.

ಪುಸ್ತಕ ಕೊಳ್ಳಲು ಪಂಚಾಯಿತಿ ಸ್ವಲ್ಪ ಹಣ ಕೊಟ್ಟಿದೆ. ಹತ್ತು ಹನ್ನೆರಡು ವರ್ಷದವರಿಗೆ ನಾಯಕರ ಮನೆಯ ಬದುಕನ್ನು ಸುಳ್ಳಿಲ್ಲದೆ ಹೇಳುವ ಪುಸ್ತಕ ಯಾವುದಿದೆ? ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಉತ್ತರ: ಸಾಗರದ ನಿವೃತ್ತ ಮೇಷ್ಟ್ರು

ಮೇಡಂ, ನಿಮ್ಮ ಹುಡುಗಿಗೆ ಮುಂದಿನ ಕಥೆ ಹೇಳಿ. ಆಗ ಮಗಳು ಮಣಿಬೆನ್‌ಗೆ ಐದಾರು ವರ್ಷ, ತಮ್ಮ ದಹ್ಯಾಭಾಯಿ ಇನ್ನೂ ಚಿಕ್ಕವನು. ತಾಯಿ ಝವೇರಬಾ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಹೋಗಿಬಿಟ್ಟರು. ಪಟೇಲರಿಗೆ ಮೂವತ್ತಮೂರು ವರ್ಷ, ಮತ್ತೆ ಮದುವೆಯಾಗಲಿಲ್ಲ. ಮರುವರ್ಷ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟರು, ಮಕ್ಕಳು ಇಲ್ಲಿಯೇ ಉಳಿದರು. ಆ ಮಗಳೇ ದೊಡ್ಡವಳಾಗಿ ಅಪ್ಪನ ಕಾರ್ಯದರ್ಶಿಯಾದಳು, ಜೈಲಿಗೆ ಹೋದಳು, ತಾನು ನೂತ ನೂಲಿನಿಂದ ಅಪ್ಪನಿಗೆ ಬಟ್ಟೆ ಮಾಡಿಸಿದಳು, 1936ರಿಂದ ಅವರು ತೀರಿಕೊಂಡ 1950ರವರೆಗೆ ದಿನಚರಿ ಬರೆದಿಟ್ಟಳು, ಮುಂದೆ ಸಂಸತ್ತಿಗೂ ಹೋದಳು. ತಂತಿಯ ಪ್ರಸಂಗವನ್ನು ನಮ್ಮವರು ಯಾವಾಗಲೂ ನ್ಯಾಯಾಲಯದ ಕಟಕಟೆಯಿಂದಲೇ ನೋಡುತ್ತಾರೆ. ಮಣಿಬೆನ್ ಕಡೆಯಿಂದ ಒಮ್ಮೆ ನೋಡಿದರೆ ಪಟೇಲರೇನೂ ಸಣ್ಣವರಾಗುವುದಿಲ್ಲ, ಕಥೆಯಲ್ಲಿ ಇನ್ನೊಬ್ಬರು ಹುಟ್ಟುತ್ತಾರೆ ಅಷ್ಟೇ.

ನನ್ನ ತಕರಾರು ಇಷ್ಟು: ಮಕ್ಕಳ ಪುಸ್ತಕದಲ್ಲಿ ನಾಯಕನ ಹೆಂಡತಿ ಮಕ್ಕಳು ಬರುವುದೇ ಅವನು ಅವರನ್ನು ಬಿಟ್ಟು ಹೋಗಲಿ ಎಂದು. ದುಃಖಪಡುವುದು ದೊಡ್ಡವರಿಗೆ ಸಲ್ಲದು ಎಂಬ ಪಾಠ ಒಳದಾರಿಯಿಂದ ಮಗುವಿನ ತಲೆಗೆ ಹೋಗುತ್ತದೆ. ಅಂಬೇಡ್ಕರರನ್ನು ನೋಡಿ. ಅವರ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. 1926ರಲ್ಲಿ ರಾಜರತ್ನ ಹೋದಾಗ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ, ನಾನೂ ಹೆಂಡತಿಯೂ ಆ ಆಘಾತದಿಂದ ಚೇತರಿಸಿಕೊಂಡಿದ್ದೇವೆಂದು ನಟಿಸಿ ಪ್ರಯೋಜನವಿಲ್ಲ ಎಂಬರ್ಥದ ಮಾತು ಬರೆದರು. ಮುಂದಿನ ವರ್ಷ ಇದೇ ಮನುಷ್ಯ, ಅಸ್ಪೃಶ್ಯರಿಗೆ ನೀರು ಮುಟ್ಟಲು ಬಿಡದಿದ್ದ ಮಹಾಡದ ಚವದಾರ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋದರು. ಈ ಎರಡನ್ನೂ ಒಂದೇ ಪುಟದಲ್ಲಿಡಿ. ಆರನೆಯ ತರಗತಿಯ ಮಗುವಿಗೆ ಅರ್ಥವಾಗದೆ ಇರುವುದು ಏನಿದೆ ಅದರಲ್ಲಿ? 1935ರಲ್ಲಿ ರಮಾಬಾಯಿಯೂ ಹೋದರು. ಪಾಕಿಸ್ತಾನದ ಕುರಿತ ತಮ್ಮ ಗ್ರಂಥವನ್ನು ಅಂಬೇಡ್ಕರರು ಅರ್ಪಿಸಿದ್ದು ‘ರಾಮು’ವಿನ ನೆನಪಿಗೆ. ರಾಜಕೀಯದ ದಪ್ಪ ಪುಸ್ತಕ, ಮೊದಲ ಪುಟದಲ್ಲಿ ಹೆಂಡತಿಯನ್ನು ಕರೆಯುತ್ತಿದ್ದ ಮನೆಯ ಹೆಸರು!

ಎಷ್ಟು ಹೇಳಬೇಕು ಎಂದಿರಿ. ಅವರೇ ತಮ್ಮ ಬಗ್ಗೆ ಎಷ್ಟು ಹೇಳಿಕೊಂಡಿದ್ದಾರೋ ಅಷ್ಟಂತೂ ಧೈರ್ಯವಾಗಿ ಹೇಳಬಹುದು. ನೆಹರೂ ಐದಾರು ವರ್ಷದವರಿದ್ದಾಗ ಅಪ್ಪನ ಮೇಜಿನ ಮೇಲೆ ಎರಡು ಫೌಂಟನ್ ಪೆನ್ ಕಂಡು, ಒಬ್ಬರಿಗೆ ಎರಡು ಯಾಕೆ ಎಂದು ಒಂದನ್ನು ಎತ್ತಿಕೊಂಡರು. ಮನೆಯೆಲ್ಲ ಹುಡುಕಾಟ. ಸಿಕ್ಕಿಬಿದ್ದಾಗ ಮೋತಿಲಾಲರು ಕೊಟ್ಟ ಏಟಿಗೆ ಎಷ್ಟೋ ದಿನ ಮೈಗೆ ಮುಲಾಮು ಹಚ್ಚಬೇಕಾಯಿತು. ಇದು ಅವರ ಆತ್ಮಕಥೆಯಲ್ಲಿಯೇ ಇದೆ. ನಾನು ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಗುಲಾಬಿ ಹೂವಿನ ಚಾಚಾನನ್ನು ಮರೆತು ಆ ಹುಡುಗನ ಪಕ್ಷ ವಹಿಸಿದ್ದಾರೆ. ಇದರ ಪಕ್ಕಕ್ಕೆ ಗಾಂಧಿಯನ್ನು ಇಡಿ: ಹದಿನೈದರ ವಯಸ್ಸಿನಲ್ಲಿ ಅಣ್ಣನ ಸಾಲ ತೀರಿಸಲು ಅವನ ತೋಳಿನ ಚಿನ್ನದ ಕಡಗದಿಂದ ಚೂರು ಕತ್ತರಿಸಿದ್ದು, ಹಾಸಿಗೆ ಹಿಡಿದ ಅಪ್ಪನಿಗೆ ಚೀಟಿ ಬರೆದುಕೊಟ್ಟದ್ದು, ಅಪ್ಪ ಹೊಡೆಯದೆ ಕಣ್ಣೀರು ಹಾಕಿ ಚೀಟಿ ಹರಿದದ್ದು. ಎರಡು ಕಳ್ಳತನ, ಇಬ್ಬರು ಅಪ್ಪಂದಿರು. ಒಂದು ಗಂಟೆಯ ಚರ್ಚೆಗೆ ಸಾಕು.

ದಕ್ಷಿಣ ಆಫ್ರಿಕಾದ ಡರ್ಬನ್ನಿನ ಮನೆಯ ಜಗಳವನ್ನೂ ಹೇಳಿ. ಗುಮಾಸ್ತನೊಬ್ಬನ ಮೂತ್ರದ ಪಾತ್ರೆಯನ್ನು ಕಸ್ತೂರಬಾ ಅಳುತ್ತ ಹೊತ್ತುಕೊಂಡು ಹೋದರೆಂದು, ನಗುನಗುತ್ತ ಹೊರಬೇಕೆಂದು ರೇಗಿದ ಗಾಂಧಿ ಅವರ ಕೈಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋದರು. ನಾಚಿಕೆಯಾಗುವುದಿಲ್ಲವೇ, ಈ ಪರದೇಶದಲ್ಲಿ ನಾನು ಎಲ್ಲಿಗೆ ಹೋಗಲಿ ಎಂದು ಕೇಳಿ ಅವರನ್ನು ತಡೆದು ನಿಲ್ಲಿಸಿದವರು ಕಸ್ತೂರಬಾ. ಬರೆದುಕೊಂಡವರು ಸ್ವತಃ ಗಾಂಧಿ, ಪಶ್ಚಾತ್ತಾಪದಿಂದ.

ಕೊಳ್ಳುವುದಾದರೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಯಿಂದ ಶುರುಮಾಡಿ; 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದ ಪುಸ್ತಕ. ಹಳೆಯ ಮಾಲೆಗಳನ್ನೂ ಎಸೆಯಬೇಡಿ. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದ ಭಾರತ-ಭಾರತಿಯ 510 ಪುಟ್ಟ ಪುಸ್ತಕಗಳ ಕನ್ನಡ ಇವತ್ತಿಗೂ ತಿಳಿಯಾಗಿದೆ. ಅಧಿಕಾರದ ಕುರ್ಚಿಯಲ್ಲಿ ಕೂತಿರುವವರ ಬಾಲ್ಯದ ಪುಸ್ತಕವನ್ನು ಮಾತ್ರ, ಯಾವ ಪಕ್ಷದವರದ್ದೇ ಆಗಲಿ, ನಿಮ್ಮ ಹಣದಲ್ಲಿ ಕೊಳ್ಳಬೇಡಿ. ಅವು ಹೇಗೂ ಪುಕ್ಕಟೆಯಾಗಿ ಬಂದು ಬೀಳುತ್ತವೆ.

ಉತ್ತರ: ಎರಡು ಮಕ್ಕಳ ತಾಯಿ, ಮೈಸೂರು

ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾಯಕರ ಖಾಸಗಿ ಬದುಕನ್ನು ಈಗ ಯಾರು ಯಾಕೆ ಬಳಸುತ್ತಿದ್ದಾರೆ ಎಂಬುದನ್ನು ಮೊಬೈಲ್ ಇರುವವರೆಲ್ಲ ನೋಡುತ್ತಿದ್ದೇವೆ. ಒಬ್ಬರು ಗಾಂಧಿಯ ಮೇಲೆ ಕೆಸರು ಎರಚಿದರೆ ಇನ್ನೊಬ್ಬರು ನೆಹರೂ ಮೇಲೆ, ಮತ್ತೊಬ್ಬರು ಅಂಬೇಡ್ಕರರ ಮೇಲೆ. ಇಷ್ಟು ಹೊಲಸಿನ ನಡುವೆ ಮಕ್ಕಳ ಪುಸ್ತಕವಾದರೂ ಸ್ವಚ್ಛವಾಗಿರಲಿ. ಹತ್ತು ವರ್ಷದ ಮಗುವಿಗೆ ಉಪ್ಪಿನ ಸತ್ಯಾಗ್ರಹ ಸಾಲದೇ? ಹರಿಲಾಲನ ಕುಡಿತವೂ ಬೇಕೇ? ಸತ್ತವರು ಬಂದು ಸಮಜಾಯಿಷಿ ಕೊಡಲಾರರು. ಅವರ ಮಕ್ಕಳು ಮೊಮ್ಮಕ್ಕಳ ಮಾನದ ಪ್ರಶ್ನೆಯೂ ಇದೆ.

ಉತ್ತರ: ಚಿತ್ರ ಬರೆಯುವವಳು

ಇಂಥ ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತೇನೆ, ಹಾಗಾಗಿ ಅಡುಗೆಮನೆಯ ಸುದ್ದಿ. ಹೆಚ್ಚಿನವು ಎರಡು ಫಾರಂ, ಮೂರು ಫಾರಂ ಪುಸ್ತಕಗಳು (ಫಾರಂ ಎಂದರೆ ಹದಿನಾರು ಪುಟ). ಮೂವತ್ತೆರಡು ಪುಟದಲ್ಲಿ ಚಿತ್ರ ಕಳೆದರೆ ಬರಹಕ್ಕೆ ಉಳಿಯುವುದು ಹದಿನೈದು ಪುಟ. ಹುಟ್ಟು, ಶಾಲೆ, ಹೋರಾಟ, ಜೈಲು, ಸಾವು ತುಂಬಿಸುವಷ್ಟರಲ್ಲಿ ಜಾಗ ಮುಗಿಯುತ್ತದೆ. ಹೆಂಡತಿಯ ಚಿತ್ರ ಕೇಳಿದರೆ ‘ಬಾಗಿಲ ಹಿಂದೆ ನಿಲ್ಲಿಸಿ, ಸೆರಗು ತಲೆಯ ಮೇಲಿರಲಿ’ ಎನ್ನುತ್ತಾರೆ. ಕಸ್ತೂರಬಾ ಅವರ ಛಾಯಾಚಿತ್ರಗಳು ಬೇಕಾದಷ್ಟಿವೆ. 1915ರಲ್ಲಿ ಭಾರತಕ್ಕೆ ಮರಳಿದಾಗಿನದ್ದರಲ್ಲಿ ಗಾಂಧಿ ಕಾಠಿಯಾವಾಡಿ ಪೇಟ ಸುತ್ತಿ ಪಕ್ಕದಲ್ಲಿದ್ದಾರೆ. ಆ ಮುಖ ನೋಡಿದವರಿಗೆ ಬಾಗಿಲ ಹಿಂದಿನ ಹೆಂಗಸನ್ನು ಬರೆಯಲು ಕೈ ಬರುವುದಿಲ್ಲ.

ಸಂಭಾಷಣೆಯ ಬಗ್ಗೆ ಎಚ್ಚರವಿರಲಿ. ತಾಯಿ ಮಗನಿಗೆ ಅಡುಗೆಮನೆಯಲ್ಲಿ ಹೇಳಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಬರೆದಿದ್ದರೆ ಕೇಳಿಸಿಕೊಂಡವರು ಯಾರು ಎಂದು ನಾನು ಕೇಳುತ್ತೇನೆ. ಈ ಚಾಳಿಗೆ ದೊಡ್ಡ ಇತಿಹಾಸವೇ ಇದೆ. ಸುಳ್ಳು ಹೇಳಲಾರೆ ಎಂದು ಚೆರಿ ಮರ ಕಡಿದ ತಪ್ಪನ್ನು ಒಪ್ಪಿಕೊಂಡ ಬಾಲಕ ವಾಷಿಂಗ್ಟನ್ನನ ಕಥೆ ನಾವೆಲ್ಲ ಓದಿದ್ದೇವಲ್ಲ, ಅದನ್ನು ವೀಮ್ಸ್ ಎಂಬ ಪಾದ್ರಿ, ಪುಸ್ತಕ ಮಾರುತ್ತಿದ್ದವನು, ತನ್ನ ಜೀವನಚರಿತ್ರೆಯ 1806ರ ಆವೃತ್ತಿಯಲ್ಲಿ ಸೇರಿಸಿದ. ಸತ್ಯ ಹೇಳಬೇಕೆಂದು ಕಲಿಸಲು ಹುಟ್ಟಿಸಿದ ಕಟ್ಟುಕಥೆ!

ನಾನು ಮೆಚ್ಚುವುದು ಲೆಕ್ಕ ಸಿಗುವ ಕಥೆಗಳನ್ನು. ಶಾಸ್ತ್ರೀಜಿ 1964ರಲ್ಲಿ ಫಿಯೆಟ್ ಕಾರು ಕೊಂಡರು. ಬೆಲೆ 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡ ಮೇಲೆ ಹೆಂಡತಿ ಲಲಿತಾ ಅವರು ಪಿಂಚಣಿಯಿಂದ ಆ ಸಾಲ ತೀರಿಸಿದರು. ಕಾರು ದೆಹಲಿಯ ಸ್ಮಾರಕದಲ್ಲಿ ಇಂದಿಗೂ ನಿಂತಿದೆ. ಈ ಕಥೆಗೆ ಲಲಿತಾ ಅವರೇ ನಾಯಕಿ ಎಂದು ಪ್ರಕಾಶಕರೊಬ್ಬರ ಜೊತೆ ವಾದಿಸಿ ಸೋತೆ.

ಉತ್ತರ: ಸಾಗರದ ನಿವೃತ್ತ ಮೇಷ್ಟ್ರು

ಮೈಸೂರಿನ ತಾಯಿಯವರಿಗೆ: ಕೆಸರಿನ ಮಾತು ನಿಜ. ಆದರೆ ಕೆಸರು ಎರಚುವವನಿಗೆ ಅನುಕೂಲವಾಗುವುದೇ ಮಗುವಿಗೆ ಮೊದಲು ಏನೂ ಗೊತ್ತಿಲ್ಲದಿದ್ದರೆ. ಸುಭಾಷರು ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಹೊರಟ ಸಾಹಸ ಪ್ರತಿ ಪುಸ್ತಕದಲ್ಲೂ ಇದೆ. ಹೊರಡುವ ಮುನ್ನ, 1943ರ ಫೆಬ್ರವರಿ 8ರಂದು, ಅಣ್ಣ ಶರತ್‌ಚಂದ್ರರಿಗೆ ಬಂಗಾಳಿಯಲ್ಲಿ ಪತ್ರ ಬರೆದು, ನಾನಿಲ್ಲಿ ಮದುವೆಯಾಗಿದ್ದೇನೆ, ಮಗಳಿದ್ದಾಳೆ, ನನ್ನ ಮೇಲಿನ ಪ್ರೀತಿಯನ್ನು ಅವರಿಗೂ ತೋರಿಸಿ ಎಂದು ಕೇಳಿಕೊಂಡದ್ದು ಎಷ್ಟರಲ್ಲಿದೆ? ಆ ಮಗಳು ಅನಿತಾ ಹುಟ್ಟಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. 1948ರಲ್ಲಿ ಶರತ್ ಬಾಬು ಕುಟುಂಬದೊಂದಿಗೆ ವಿಯೆನ್ನಾಕ್ಕೆ ಹೋಗಿ ಸುಭಾಷರ ಹೆಂಡತಿ ಎಮಿಲಿಯನ್ನೂ ಆ ಮಗುವನ್ನೂ ಕಂಡು ಬಂದರು. ಅನಿತಾ ಮುಂದೆ ಜರ್ಮನಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕಿಯಾದರು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ತಾಯಿ? ನಾವು ಮುಚ್ಚಿಟ್ಟರೆ, ಹದಿನಾರರ ಹುಡುಗ ಅದನ್ನು ‘ಗುಟ್ಟು ರಟ್ಟು’ ಎಂಬ ತಲೆಬರಹದಡಿ ಓದುತ್ತಾನೆ.

ಉತ್ತರ: ಅರಿವು ಕೇಂದ್ರದ ಅಕ್ಕ

ಎಲ್ಲರಿಗೂ ನಮಸ್ಕಾರ. ಬೊಳುವಾರರ ಪುಸ್ತಕಕ್ಕೆ ಬೇಡಿಕೆ ಬರೆದಿದ್ದೇನೆ. ಎರಡು ಕಳ್ಳತನಗಳನ್ನು ಶನಿವಾರ ಓದಿಸುವೆ, ನೆಹರೂ ಮೊದಲು. ಡರ್ಬನ್ನಿನ ಜಗಳಕ್ಕೆ ಮಾತ್ರ ಇನ್ನೂ ಧೈರ್ಯ ಬಂದಿಲ್ಲ. ಮನೆಯಲ್ಲಿ ಅಪ್ಪ ಅಮ್ಮನನ್ನು ಎಳೆದಾಡುವುದನ್ನು ಕಾಣುವ ಮಕ್ಕಳು ನಮ್ಮ ಗುಂಪಿನಲ್ಲಿದ್ದಾರೆ. ಅವರು ‘ಗಾಂಧೀಜಿಯೂ ಹಾಗೇನಾ’ ಎಂದರೆ ಅಲ್ಲಿಗೇ ಬಿಡುವಂತಿಲ್ಲ.

ಉತ್ತರ: ಎರಡು ಮಕ್ಕಳ ತಾಯಿ, ಮೈಸೂರು

ಅಂಥ ಮಕ್ಕಳಿದ್ದರೆ ಅದನ್ನು ಓದಲೇಬೇಕು ಅಕ್ಕ. ಕಸ್ತೂರಬಾ ತಿರುಗಿ ಕೇಳಿದ ಮಾತನ್ನು ಎರಡು ಸಲ ಓದಿಸಿ. ಶರತ್ ಬಾಬುಗೆ ಬರೆದ ಪತ್ರದ ವಿಷಯ ನನ್ನ ಮಗನಿಗೆ ನಾನೇ ಹೇಳುತ್ತೇನೆ. ಆದರೆ ಹರಿಲಾಲ ಏಳನೆಯ ತರಗತಿಗಿಂತ ಕೆಳಗೆ ಬೇಡ. ಅದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.