ಅಪ್‌ಡೇಟ್: ವೈಫೈ ರೇಡಿಯೋ ಈಗ ಮಧ್ಯೆ ನಿಲ್ತಿಲ್ಲ

ಅಡುಗೆಮನೆಯ ವೈಫೈ ರೇಡಿಯೋ (ಇಂಟರ್ನೆಟ್ ಮೂಲಕ ಸ್ಟೇಷನ್ ಕೇಳಿಸೋದು) ಹಾಡಿನ ಮಧ್ಯೆ ಪದೇಪದೇ ನಿಂತುಹೋಗುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಸಮಸ್ಯೆ ಬಗೆಹರಿದಿದೆ.

ನೆಟ್ ಸ್ಪೀಡ್ ಕಾರಣ ಅಲ್ಲವೇ ಅಲ್ಲ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಸ್ಟೇಷನ್‌ಗೆ ಗಂಟೆಗೆ ಸುಮಾರು 58 ಎಂಬಿ ಸಾಕು. ತೊಂದರೆ ಕೊಡ್ತಿದ್ದದ್ದು ಪಕ್ಕದಲ್ಲಿದ್ದ ಮೈಕ್ರೋವೇವ್. ಅದು ಕೆಲಸ ಮಾಡೋದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ನನ್ನ ರೇಡಿಯೋ ಹಿಡಿಯೋದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ, ಹಾಗಾಗಿ ಒಂದಕ್ಕೊಂದು ಅಡ್ಡ ಬರುತ್ತೆ. ಹಾಲು ಬಿಸಿಗಿಟ್ಟ ಸ್ವಲ್ಪ ಹೊತ್ತಿಗೆ ಡಿಸ್‌ಪ್ಲೇಯಲ್ಲಿ ‘ಬಫರಿಂಗ್’ ಅಂತ ಬಂದು, ಪಕ್ಕದ ಶೇಕಡಾ ಅಂಕಿ (ಮುಂಚೆಯೇ ತುಂಬಿಟ್ಟುಕೊಂಡ ದನಿ ಎಷ್ಟು ಉಳಿದಿದೆ ಅನ್ನೋದು) ಇಳೀತಾ ಇಳೀತಾ ಸೊನ್ನೆ ಮುಟ್ಟಿ ದನಿ ಕಟ್! ನಿಮ್ಮಲ್ಲೊಬ್ಬರು ಹೇಳಿದಂತೆ ರೇಡಿಯೋನ ಎದುರು ಗೋಡೆಯ ಶೆಲ್ಫಿಗೆ ಸಾಗಿಸಿ, ರೂಟರ್‌ನ ವೈಫೈ ಚಾನೆಲ್ಲನ್ನು ಆಟೋ ಬದಲು ಮೈಕ್ರೋವೇವ್ ಆವರ್ತನದಿಂದ ದೂರ ಇರೋ 1ಕ್ಕೆ ಕೂರಿಸಿದೆ. ಆಮೇಲೆ ಒಮ್ಮೆಯೂ ನಿಂತಿಲ್ಲ.

ರೇಡಿಯೋದ ಮೂರನೇ ಪ್ರೀಸೆಟ್ ಬಟನ್ (ಸೇವ್ ಮಾಡಿಟ್ಟ ಸ್ಟೇಷನ್ ಒಂದೇ ಒತ್ತಿಗೆ ಹಾಕೋದು) ಕೂಡ ಕೆಲಸ ಮಾಡ್ತಿರಲಿಲ್ಲ, ಅದಕ್ಕೆ ಕಾರಣ ಬೇರೆ. ಅದರಲ್ಲಿದ್ದ ಸ್ಟೇಷನ್ ನೆಟ್‌ನಲ್ಲಿ ಪ್ರಸಾರ ಸಿಗೋ ತನ್ನ ಸ್ಟ್ರೀಮ್ ವಿಳಾಸ ಬದಲಿಸಿತ್ತು. ಮತ್ತೆ ಹುಡುಕಿ, ಬಟನ್ ಒತ್ತಿ ಹಿಡಿದು ಸೇವ್ ಮಾಡಿದೆ, ಆಯ್ತು.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು: ಇದು ಎಫ್‌ಎಂಗಿಂತ ಕೆಲವು ಸೆಕೆಂಡ್ ಹಿಂದೆ ಓಡುತ್ತೆ. ಸಮಯದ ಬೀಪ್ ಕೇಳಿ ಗಡಿಯಾರ ಹೊಂದಿಸಬೇಡಿ.