ಪಾಮ್ ಗಿಡದ ‘ಸುಳಿ’, ‘ಕುಡಿ’, ‘ಗರಿ’, ‘ಹಾಳೆ’: ಯಾವ ಪದ ಯಾವುದಕ್ಕೆ?

ನಮಸ್ಕಾರ. ಬಲ್ಲವರು ತಿಳಿಸಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರಿಗಾಗಿ ಮನೆಯಂಗಳದ ಪಾಮ್ ಗಿಡಗಳ ಆರೈಕೆ ಕುರಿತ ಕಿರುಹೊತ್ತಗೆಯೊಂದು ಸಿದ್ಧವಾಗುತ್ತಿದೆ. ಅದರ ಕರಡಿನಲ್ಲಿ ಒಂದು ಸಾಲು: “ಕುಡಿ ಒಣಗಿದ್ದರೆ ಚಿವುಟಿ, ಹಳದಿಯಾದ ಗರಿ ಕತ್ತರಿಸಿ, ತಾಯಿಬೇರಿಗೆ ಪೆಟ್ಟಾಗದಂತೆ ಬಡ್ಡಿಗೆ ಮಣ್ಣು ಏರಿಸಿ.” ದಾಸವಾಳಕ್ಕೆ ಹೇಳಿದ್ದರೆ ತಕರಾರಿಲ್ಲ. ಪಾಮ್ ಬೆಳೆಸುವವರು ಇದನ್ನು ಓದಿ ಹಾಗೆಯೇ ಮಾಡಿದರೆ ಗಿಡ ಉಳಿಯುವುದು ಕಷ್ಟ. ಕೆಲಸ ತಿಳಿಯದವರು ಬರೆದ ಸಾಲೂ ಇದಲ್ಲ. ಬೇರೆ ಗಿಡಗಳ ಪದಗಳು ಪಾಮ್‌ಗೆ ಬಂದು ಕೂತಿವೆ, ಅಷ್ಟೆ. ಒಂದೊಂದನ್ನೇ ಬಿಡಿಸಿ ಇಡುತ್ತೇನೆ.

ಮೊದಲು ಕುಡಿ. ನಮ್ಮ ಕಡೆ ಈ ಪದದ ಜೊತೆ ಚಿವುಟುವುದು ಅಂಟಿಕೊಂಡೇ ಬರುತ್ತದೆ. ತೊಗರಿ ಬಿತ್ತಿ 45–50 ದಿನಕ್ಕೆ ಕುಡಿ ಚಿವುಟುತ್ತಾರೆ. ತುದಿ ಹೋದರೆ ಪಕ್ಕದ ಮೊಗ್ಗುಗಳು ಎದ್ದು ಟೊಂಗೆ ಹೆಚ್ಚುತ್ತವೆ, ಕಾಯಿಯೂ ಹೆಚ್ಚುತ್ತದೆ. ಸೇವಂತಿಗೂ ಹಾಗೆಯೇ. ಆದ್ದರಿಂದ ಕುಡಿ ಎಂದ ಕೂಡಲೇ ‘ಹೋದರೆ ಹೋಗಲಿ, ಮತ್ತೆ ಒಡೆಯುತ್ತದೆ’ ಎಂಬ ಭಾವ ಓದುಗರ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ತೆಂಗು, ರಾಯಲ್ ಪಾಮ್, ಫಾಕ್ಸ್‌ಟೇಲ್, ಬಾಟಲ್ ಪಾಮ್ ಇವೆಲ್ಲ ಒಂಟಿ ಬಡ್ಡಿಯವು, ಅಂದರೆ ಒಂದೇ ಕಾಂಡದವು. ಬೆಳೆಯುವ ಬಿಂದು ತಲೆಯ ನಡುವೆ ಒಂದೇ ಒಂದು. ಪಕ್ಕಕ್ಕೆ ಒಡೆಯುವ ಮೊಗ್ಗು ಇಲ್ಲ. ಅದು ಸತ್ತರೆ ಇರುವ ಗರಿಗಳು ಕೆಲವು ತಿಂಗಳು ಹಸಿರಾಗಿಯೇ ಇರಬಹುದು, ಹೊಸದು ಬಾರದು, ಕೊನೆಗೆ ಬಡ್ಡಿ ಮಾತ್ರ ನಿಲ್ಲುತ್ತದೆ. ಹಾಗಾಗಿ ಪಾಮ್ ಬರಹದಲ್ಲಿ ಕುಡಿ ಪದ ಪೂರ್ತಿ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬದಲಿಗೆ ಸುಳಿ. ಜೋಳ ಬೆಳೆಯುವ ನಾಡಿನಲ್ಲಿ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಸುಳಿ ನೊಣ ಬಿದ್ದ ಜೋಳದ ಸಸಿಯ ನಡು ಎಲೆ ಒಣಗುತ್ತದೆ, ಹಿಡಿದು ಎಳೆದರೆ ಕೈಗೆ ಬರುತ್ತದೆ, ಬುಡದಲ್ಲಿ ಕೊಳೆತ ವಾಸನೆ. ಪಾಮ್‌ನ ಸುಳಿಕೊಳೆ ರೋಗದ ಪರೀಕ್ಷೆಯೂ ಅಕ್ಷರಶಃ ಇದೇ. ಪದದ ಜೊತೆಗೆ ಪರೀಕ್ಷೆಯ ವಿಧಾನವೂ ಓದುಗರಿಗೆ ತಿಳಿದಂತಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಸೇರಿಸಬೇಕು: ಸುಳಿ ಸತ್ತ ಜೋಳ ಪಕ್ಕದಿಂದ ಮರಿ ಒಡೆಯುತ್ತದೆ, ಒಂಟಿ ಬಡ್ಡಿಯ ಪಾಮ್ ಒಡೆಯುವುದಿಲ್ಲ.

ಸುಳಿಕೊಳೆ ಮಳೆಗಾಲದ ರೋಗ; ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುತ್ತದೆ. ಬೆಳಗಾವಿ, ಖಾನಾಪುರದ ತಂಪು ಜಡಿಮಳೆಯಲ್ಲಿ ಇದರ ಭಯ ಹೆಚ್ಚು, ವಿಜಯಪುರದ ಒಣ ಹವೆಯಲ್ಲಿ ಕಡಿಮೆ. ನಡುವಿನ ಬಿಚ್ಚದ ಎಲೆ ಮಂಕಾಗಿ ಹಳದಿಗೆ ತಿರುಗುತ್ತದೆ, ಬಾಗುತ್ತದೆ, ಎಳೆದರೆ ಕಿತ್ತು ಬರುತ್ತದೆ. ಬೇಗ ಕಂಡರೆ ಕೊಳೆತ ಭಾಗವನ್ನು ಹರಿತ ಚಾಕುವಿನಿಂದ ಆರೋಗ್ಯದ ಬಿಳಿ ಭಾಗ ಕಾಣುವವರೆಗೆ ಕೆರೆದು, ಶೇ. 10ರ ಬೋರ್ಡೊ ಮುಲಾಮು ಹಚ್ಚಿ, ಮಳೆನೀರು ಇಳಿಯದಂತೆ ಮುಚ್ಚಬೇಕು. ಮುಲಾಮಿಗೆ 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಿ ಕಲಸುವುದು. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆ ಬೇಕು, ಕಬ್ಬಿಣ ಬೇಡ. ಚಾಕುವಿನ ಅಲಗು ಅದ್ದಿ ತೆಗೆದಾಗ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಮುಂಜಾಗ್ರತೆಗೆ ಶೇ. 1ರ ದ್ರಾವಣ, ಅಂದರೆ 10 ಲೀಟರಿಗೆ ಎರಡೂ ನೂರು ನೂರು ಗ್ರಾಂ, ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲೇ ಸುಳಿಯ ಸುತ್ತ ಸಿಂಪಡಿಸುವುದು.

ಸುಳಿ ಒಣಗಿತು ಎಂಬ ಮಾತು ಇನ್ನೊಂದು ಗೊಂದಲಕ್ಕೂ ದಾರಿ. ಬಾಗಲಕೋಟೆ, ವಿಜಯಪುರದ ಸುಣ್ಣಕಲ್ಲು ಬೆರೆತ ಎರಿ (ಕಪ್ಪು) ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಹೊಸ ಗರಿಗಳು ಗಿಡ್ಡವಾಗಿ, ಮುರುಟಿ, ಸುಟ್ಟ ಹಾಗೆ ಹೊರಬರುತ್ತವೆ. ರಾಯಲ್ ಪಾಮ್‌ನಲ್ಲಿ ಇದು ಎದ್ದು ಕಾಣುತ್ತದೆ. ಇದನ್ನು ಸುಳಿಕೊಳೆ ಎಂದು ತಿಳಿದು ತಲೆ ಕೆರೆದರೆ ಬದುಕುವ ಗಿಡವನ್ನು ಕೈಯಾರೆ ಕೊಂದಂತೆ. ವ್ಯತ್ಯಾಸ ಸರಳ: ಎಳೆದರೆ ಕಿತ್ತು ಬರುವುದಿಲ್ಲ, ವಾಸನೆ ಇಲ್ಲ. ಲೀಟರಿಗೆ 3 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿದರೆ ಮುಂದಿನ ಗರಿಗಳು ಸುಧಾರಿಸುತ್ತವೆ, ಮುರುಟಿದ್ದು ಹಾಗೆಯೇ ಇರುತ್ತದೆ. ಇದಕ್ಕೆ ‘ಸುಳಿ ಮುರುಟು’ ಎಂದು ಬರೆಯುವುದು ಸೂಕ್ತವೆಂದು ತೋರುತ್ತದೆ. ಒಣಗು, ಕೊಳೆ, ಮುರುಟು ಈ ಮೂರನ್ನೂ ಕಲಸಬಾರದು.

ಇನ್ನು ಗರಿ. ನಿಜವಾದ ತೊಡಕು ಇಲ್ಲಿದೆ. ತೆಂಗಿನ ಗರಿ ಎಂದರೆ ದಿಂಡು ಸಮೇತ ಇಡೀ ಎಲೆಯೇ, ಇಲ್ಲ ದಿಂಡಿನ ಎರಡೂ ಬದಿಗೆ ಇರುವ ಒಂದೊಂದು ಪಟ್ಟಿಯೇ? ಎರಡಕ್ಕೂ ಬಳಕೆ ಇದೆ. ಚಪ್ಪರಕ್ಕೆ ಗರಿ ಹಾಕುವಾಗ ಇಡೀ ಎಲೆ. ಗರಿ ಸೀಳಿ ಕಡ್ಡಿ ತೆಗೆದು ಕಸಬರಿಗೆ ಕಟ್ಟುವಾಗ ಪಟ್ಟಿ. ತಾಳೆಗರಿ ಹಸ್ತಪ್ರತಿಯ ಗರಿಯೂ ಬೀಸಣಿಗೆಯಾಕಾರದ ದೊಡ್ಡ ಎಲೆಯಿಂದ ಕತ್ತರಿಸಿದ ಒಂದು ಪಟ್ಟಿಯೇ. ಕರಾವಳಿಯವರಿಗೆ ಇಡೀ ಎಲೆ ಮಡಲು, ಮಲೆನಾಡಿನ ಅಡಿಕೆಯವರಿಗೆ ಸೋಗೆ, ಬೆಳಗಾವಿಯ ಮರಾಠಿ ಮಾತಿನಲ್ಲಿ ಝಾವಳಿ. ನಮ್ಮಲ್ಲಿ ಎರಡಕ್ಕೂ ಗರಿಯೇ.

“ಹಳದಿಯಾದ ಗರಿ ಕತ್ತರಿಸಿ” ಎಂದಾಗ ಓದುಗರು ಇಡೀ ಎಲೆ ಕತ್ತರಿಸುತ್ತಾರೆ. ಪೊಟ್ಯಾಶ್ ಕೊರತೆಯಲ್ಲಿ ಹಾನಿ ಆಗುವುದು ಇಲ್ಲಿಯೇ. ಕೆಳಗಿನ ಹಳೆಯ ಎಲೆಗಳಲ್ಲಿ ಮೊದಲು ಹಳದಿ-ಕಿತ್ತಳೆ ಚುಕ್ಕೆ, ಆಮೇಲೆ ಪಟ್ಟಿಗಳ ತುದಿ ಒಣಗುವುದು. ಗಿಡ ಆ ಹಳೆಯ ಎಲೆಗಳಿಂದ ಪೊಟ್ಯಾಶ್ ಹಿಂತೆಗೆದು ಹೊಸದಕ್ಕೆ ಕೊಡುತ್ತಿರುತ್ತದೆ. ಅವನ್ನು ಕಡಿದರೆ ಮೇಲಿನ ಎಲೆಗಳು ಹಳದಿಯಾಗಲು ತೊಡಗುತ್ತವೆ, ಮತ್ತೆ ಕಡಿಯುತ್ತಾರೆ, ಕೊನೆಗೆ ತಲೆಯಲ್ಲಿ ನಾಲ್ಕೈದು ಗರಿ ಉಳಿಯುತ್ತವೆ. ಪೂರ್ತಿ ಒಣಗಿ ಕಂದಾದದ್ದನ್ನು ಮಾತ್ರ ತೆಗೆಯಬೇಕು. ಅಂಚು ಹಳದಿ, ದಿಂಡಿನ ಬದಿ ಹಸಿರು ಇದ್ದರೆ ಅದು ಮೆಗ್ನೀಸಿಯಂ ಕೊರತೆ. ದೊಡ್ಡ ತೆಂಗಿಗೆ ವರ್ಷಕ್ಕೆ 500 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಹೊಸ ಗರಿಯ ಪಟ್ಟಿಗಳು ಬಿಡಿಸಿಕೊಳ್ಳದೆ ಅಂಟಿಕೊಂಡಿದ್ದರೆ ಅಥವಾ ತುದಿ ಕೊಕ್ಕೆಯಂತಾಗಿದ್ದರೆ ಬೋರಾನ್. ಬೋರಾಕ್ಸ್ 50 ಗ್ರಾಂ ಸಾಕು, ಹೆಚ್ಚಾದರೆ ವಿಷವಾಗುತ್ತದೆ.

ಇಷ್ಟು ವಿವರ ಬರೆಯಬೇಕಾದಾಗ ಎರಡು ಪದ ಬೇಕೇ ಬೇಕು. ಇಡೀ ಎಲೆಗೆ ಗರಿ, ನಡುವಿನದಕ್ಕೆ ದಿಂಡು, ಪಟ್ಟಿಗೆ ಎಸಳು ಎನ್ನೋಣವೇ? ಎಸಳಿಗೆ ಒಂದು ಅಡ್ಡಿ ಇದೆ: ಕರಿಬೇವಿನ ಎಸಳು ಎಂದರೆ ನಮಗೆ ಇಡೀ ಕಡ್ಡಿಯೇ. ಉಪಪತ್ರ, ಪರ್ಣಿಕೆ ಎಂಬ ಪಠ್ಯಪುಸ್ತಕದ ಪದಗಳನ್ನು ಹಿತ್ತಲಲ್ಲಿ ಕೆಲಸ ಮಾಡುವವರ ಮುಂದೆ ಇಡಲು ಮನಸ್ಸಿಲ್ಲ.

ಕತ್ತರಿಸುವ ಜಾಗವನ್ನೂ ಹೇಳದೆ ಬಿಡುವಂತಿಲ್ಲ. ತೆಂಗಿನಲ್ಲಿ ಹಸಿರು ಗರಿಯನ್ನು ಅನಿವಾರ್ಯವಾಗಿ ತೆಗೆಯಬೇಕಾದರೆ ಬಡ್ಡಿಯಿಂದ 120 ಸೆಂ.ಮೀ., ಸುಮಾರು 4 ಅಡಿ ದಿಂಡು ಬಿಟ್ಟು ಕಡಿಯಬೇಕು. ಹಸಿಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಮರಿಹುಳು ದಿಂಡಿನಲ್ಲೇ ಸಿಕ್ಕಿಕೊಂಡರೆ ಬಡ್ಡಿ ಉಳಿಯುತ್ತದೆ. ಪಾಮ್‌ನ ಬಡ್ಡಿಗೆ ಆದ ಗಾಯ ಬೇವು, ಮಾವಿನಂತೆ ತೊಗಟೆ ಬೆಳೆದು ಮುಚ್ಚುವುದಿಲ್ಲ. ಮೊಳೆ ಹೊಡೆದ ತೂತು, ಏರಲು ಕಡಿದ ಮೆಟ್ಟಿಲು ಎಲ್ಲ ಶಾಶ್ವತ. ಇಲ್ಲಿ ‘ಗಾಯ ಮಾಯುತ್ತದೆ’ ಎಂಬ ಕ್ರಿಯಾಪದವೇ ಸಲ್ಲದು. ಕುರುವಾಯಿ ದುಂಬಿ ಸುಳಿಯನ್ನು ಕೊರೆದಾಗ ಗರಿ ಬಿಚ್ಚಿದ ಮೇಲೆ ತ್ರಿಕೋನದ ಕಡಿತ ಕಾಣುತ್ತದೆ. ಅದು ಮರಿ ಮಾಡುವುದು ತಿಪ್ಪೆಯಲ್ಲಿ, ಆದ್ದರಿಂದ ಗೊಬ್ಬರದ ಗುಂಡಿ ಗಿಡದಿಂದ ದೂರ ಇರಲಿ. ಸುಳಿಯ ಸುತ್ತಲಿನ ಮೂರು ಗರಿಗಳ ಬಗಲಿಗೆ 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನ ಜೊತೆ ತುಂಬುವುದು ಹಳೆಯ, ಫಲಕೊಡುವ ಕ್ರಮ. ಇಲಾಖೆಯ ಬರಹಗಳಲ್ಲಿ ಇದು ‘ಎಲೆಯ ಕಂಕುಳು’. ನಮ್ಮ ಬಗಲು ಹೆಚ್ಚು ಹತ್ತಿರ.

ಹಾಳೆ ಎಂಬ ಪದ ಅಡಿಕೆಯಿಂದ ಬಂದರೂ ರಾಯಲ್ ಪಾಮ್, ಫಾಕ್ಸ್‌ಟೇಲ್, ಬಾಟಲ್ ಪಾಮ್‌ಗಳಿಗೆ ಸರಿಯಾಗಿ ಹೊಂದುತ್ತದೆ. ಅವುಗಳ ತಲೆಯ ಕೆಳಗಿನ ನುಣುಪಾದ ಹಸಿರು ಕಂಬ ಹಾಳೆಗಳು ಒಂದರ ಮೇಲೊಂದು ಸುತ್ತಿಕೊಂಡದ್ದು, ಬಡ್ಡಿಯಲ್ಲ. ಸುಳಿ ಅದರೊಳಗೇ ಇದೆ. ಕರಡಿನಲ್ಲಿ ಇದನ್ನು ‘ಹಸಿರು ಕಾಂಡ’ ಎಂದಿದೆ; ಕಾಂಡವೆಂದರೆ ಹಗ್ಗ ಕಟ್ಟಿ ಬಿಗಿಯಲು, ಏಣಿ ಒರಗಿಸಲು ಯಾರೂ ಹಿಂಜರಿಯುವುದಿಲ್ಲ. ‘ಹಾಳೆಗಂಬ’ ಎನ್ನಬಹುದೆಂದು ನನ್ನ ಸಲಹೆ. ಈ ಜಾತಿಗಳಲ್ಲಿ ಹಳೆಯ ಗರಿ ಹಾಳೆ ಸಮೇತ ತಾನೇ ಕಳಚಿ ಬೀಳುತ್ತದೆ, ಕತ್ತರಿ ಬೇಡ. ಹಸಿ ಹಾಳೆ ಎಳೆದರೆ ಒಳಗಿನ ಎಳೆಯ ಭಾಗ ಸೀಳಿ ಕೊಳೆಯುತ್ತದೆ. ರಾಯಲ್ ಪಾಮ್‌ನ ಗರಿ ಹತ್ತಡಿಗೂ ಉದ್ದ, ಭಾರವೂ ಹೌದು. ವಾಹನ ನಿಲ್ಲುವ ಜಾಗದ ಮೇಲೆ, ಕರೆಂಟಿನ ತಂತಿಯ ಕೆಳಗೆ ನೆಡಬಾರದು.

ತಾಯಿಬೇರಿನ ಮಾತು ಚಿಕ್ಕದು: ಬೆಳೆದ ಪಾಮ್‌ಗೆ ತಾಯಿಬೇರು ಇರುವುದೇ ಇಲ್ಲ. ಬಡ್ಡಿಯ ತಳದಿಂದ ಹಗ್ಗದಂತಹ ಬೇರುಗಳು ಸುತ್ತಲೂ ಹೊರಡುತ್ತವೆ. ಕರಡಿನಿಂದ ಪದ ತೆಗೆದರಾಯಿತು.

ಮಣ್ಣು ಏರಿಸುವುದು ಹಾಗೆ ಬಿಡುವ ವಿಷಯವಲ್ಲ. ಕಬ್ಬಿಗೆ ಮಣ್ಣು ಏರಿಸುವ ರೂಢಿಯವರು ಪಾಮ್‌ಗೂ ಏರಿಸುತ್ತಾರೆ. ಎರಿ ಮಣ್ಣಿನಲ್ಲಿ ಒಂದಡಿ ಆಳ ಹೂತರೆ ಬೇರಿಗೆ ಗಾಳಿ ಸಿಗದೆ ಹೊಸ ಗರಿ ಬಿಳಿಚುತ್ತದೆ. ಗೊಬ್ಬರ ಸಾಲದೆಂದು ಮತ್ತೆ ಗೊಬ್ಬರ ಸುರಿಯುತ್ತಾರೆ. ನರ್ಸರಿ ಚೀಲದಲ್ಲಿ ಮಣ್ಣು ಎಲ್ಲಿವರೆಗಿತ್ತೋ ಅಂಗಳದಲ್ಲೂ ಅಲ್ಲಿವರೆಗೇ. ತೆಂಗಿಗೆ 3 ಅಡಿ ಗುಂಡಿ ಸರಿ, ಆದರೆ ಎರಿ ನೆಲದಲ್ಲಿ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ತಳಕ್ಕೆ ಗರಸು ಸುರಿದ ಮಾತ್ರಕ್ಕೆ ಅದು ಹೋಗದು. ನೀರು ಹರಿದು ಹೋಗಲು ಕಾಲುವೆ ತೆಗೆಯಬೇಕು ಅಥವಾ ಒಂದಡಿ ದಿಬ್ಬ ಮಾಡಿ ನೆಡಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯದಂತೆ ಪಾತಿಗೆ ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸುವುದು ಒಳ್ಳೆಯದು, ಬಡ್ಡಿಯಿಂದ ಗೇಣು ದೂರ ಬಿಟ್ಟು. ತಾಗಿಸಿದರೆ ಒರಲಿ (ಗೆದ್ದಲು) ಹತ್ತುತ್ತದೆ. ಫಲ ಕೊಡುವ ತೆಂಗಿಗೆ ವರ್ಷಕ್ಕೆ ಸಾರಜನಕ 500, ರಂಜಕ 320, ಪೊಟ್ಯಾಶ್ 1200 ಗ್ರಾಂ ಶಿಫಾರಸು, ಅಂದರೆ ಸುಮಾರು ಯೂರಿಯಾ 1.1 ಕೆ.ಜಿ., ಸೂಪರ್ ಫಾಸ್ಫೇಟ್ 2 ಕೆ.ಜಿ., ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್) 2 ಕೆ.ಜಿ., ಎರಡು ಕಂತಿನಲ್ಲಿ. ಮೊದಲ ವರ್ಷ ಹತ್ತರಲ್ಲೊಂದು ಪಾಲು, ಎರಡನೆಯದರಲ್ಲಿ ಮೂರರಲ್ಲೊಂದು, ಮೂರನೆಯದರಲ್ಲಿ ಮೂರರಲ್ಲೆರಡು, ಆಮೇಲೆ ಪೂರ್ತಿ. ಬೋರ್ ನೀರು ಸವಳಿದ್ದರೆ ಕುಂಡದ ಪಾಮ್‌ಗೆ ಎಂಒಪಿ ಬೇಡ, ಸಲ್ಫೇಟ್ ಆಫ್ ಪೊಟ್ಯಾಶ್ ಒಳ್ಳೆಯದು. ಕ್ಲೋರೈಡ್ ಸೇರಿ ತುದಿ ಸುಡುತ್ತದೆ.

ಹೆಸರುಗಳ ಬಗ್ಗೆ ಚುಟುಕಾಗಿ. ನರ್ಸರಿಯ ಅರೆಕಾ ಪಾಮ್ ಮಡಗಾಸ್ಕರ್ ಮೂಲದ ಬೇರೆ ಗಿಡ. ಇದನ್ನು ಅಡಿಕೆ ಪಾಮ್ ಎಂದು ಬರೆದರೆ ಅಡಿಕೆ ಬಿಡುತ್ತದೆಂದು ಕಾಯುವವರಿದ್ದಾರೆ. ಇದು ಮರಿ ಒಡೆಯುವ ಜಾತಿ, ಒಂದು ಸುಳಿ ಸತ್ತರೂ ಉಳಿದವು ಬದುಕುತ್ತವೆ. ಸಾಗೊ ಪಾಮ್ ಎನ್ನುವ ಸೈಕಸ್ ಪಾಮ್ ಕುಲದ್ದೇ ಅಲ್ಲ, ಬೀಜ ಸಮೇತ ಇಡೀ ಗಿಡ ನಾಯಿಗಳಿಗೆ ವಿಷ. ಫಿಶ್‌ಟೇಲ್ ಪಾಮ್‌ಗೆ ಬಗನಿ ಅಥವಾ ಬೈನೆ ಎಂಬ ಕನ್ನಡ ಹೆಸರಿದೆ, ಅದನ್ನೇ ಬಳಸಬೇಕು. ಅದರ ಹಣ್ಣಿನ ರಸ ತಾಗಿದರೆ ತುರಿಕೆ. ಇಡೀ ಕುಲಕ್ಕೆ ತಾಳೆ ಎಂದರೆ ಕೆಲವರಿಗೆ ತಾಟಿನಿಂಗಿನ ಗಿಡ, ಕೆಲವರಿಗೆ ಎಣ್ಣೆ ತಾಳೆ. ಪಾಮ್ ಎಂದೇ ಇರಲಿ.

ಈಗ ಮುಖ್ಯ ಪ್ರಶ್ನೆ. ಸುಳಿ ಎಂಬ ಒಂದೇ ಪದವನ್ನು ಎರಡಕ್ಕೆ ಬಳಸುತ್ತಿದ್ದೇವೆ: ಕಣ್ಣಿಗೆ ಕಾಣುವ, ಬಿಚ್ಚದ ಈಟಿಯಂಥ ಎಲೆಗೂ, ಅದರ ಬುಡದಲ್ಲಿ ಅಡಗಿರುವ ಬೆಳೆಯುವ ಬಿಂದುವಿಗೂ. ಮೊದಲನೆಯದು ಕಿತ್ತು ಬಂದರೂ ಎರಡನೆಯದು ಜೀವಂತ ಇರಬಹುದು. ಅಂಥ ಗಿಡ ಮದ್ದು ಹಾಕಿದ ಕೆಲವು ತಿಂಗಳಲ್ಲಿ ಮತ್ತೆ ಗರಿ ತಳ್ಳುತ್ತದೆ. “ಸುಳಿ ಹೋಯಿತು” ಎಂದು ಓದಿದವರು ಅವಸರದಲ್ಲಿ ಕಡಿದು ಹಾಕುತ್ತಾರೆ. ಮೊದಲನೆಯದಕ್ಕೆ ‘ಸುಳಿಗರಿ’ ಎನ್ನಬಹುದು. ಎರಡನೆಯದಕ್ಕೆ? ಈಚಲ ತಲೆ ಬಿಡಿಸಿ ತಿನ್ನುವ ಬಿಳಿ ಭಾಗವನ್ನು ಗಡ್ಡೆ ಎನ್ನುವುದುಂಟು, ಆದರೆ ಗಡ್ಡೆ ಎಂದರೆ ನೆಲದೊಳಗಿನದೆಂದೇ ಹೆಚ್ಚಿನವರು ತಿಳಿಯುತ್ತಾರೆ. ತಿರುಳು ಎಂದರೆ ಬಡ್ಡಿಯ ಒಳಭಾಗವೆಂದಾಗುತ್ತದೆ. ಇಂಡಿ, ಸಿಂದಗಿ, ಜಮಖಂಡಿ, ಖಾನಾಪುರದ ಕಡೆ ತೆಂಗು, ಈಚಲು, ಬಗನಿ ಏರಿ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಪದ ಕೇಳಿದವರಿದ್ದರೆ, ಯಾವ ಊರು, ಯಾವ ಗಿಡಕ್ಕೆ ಎಂಬುದರ ಸಮೇತ ತಿಳಿಸಿ.